ಗಣಿತ ಕಷ್ಟ ಅನ್ನುವ ಮಗುವಿಗೆ ಯಾವ ಗಣಿತ?

ಮುಂಬಯಿ ಸುತ್ತಿನ ಮುಲುಂಡ್, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಮನೆಗಳಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಇದು: "ಟೀಚರ್, ಮಗನಿಗೆ ಗಣಿತ ತಲೆಗೆ ಹತ್ತುತ್ತಿಲ್ಲ. ಸುಲಭದ್ದು ಕೊಡಿಸೋಣವಾ, ಬಿಟ್ಟೇ ಬಿಡೋಣವಾ?"

ಮೊದಲು ಮಗು ಎಲ್ಲಿ ಎಡವುತ್ತಿದೆ ಅಂತ ನೋಡಿ. ಹತ್ತನೆಯ ಪುಸ್ತಕ ಪಕ್ಕಕ್ಕಿಟ್ಟು ಏಳು, ಎಂಟನೆಯ ಲೆಕ್ಕ ಕೊಡಿ. ಭಿನ್ನರಾಶಿ ಕೂಡಿಸಲಿ. ಮೈನಸ್ ಇರುವ ಬ್ರಾಕೆಟ್ ಬಿಡಿಸಲಿ. ಶೇಕಡಾ ತೆಗೆಯಲಿ. ವರ್ಗ ಸಮೀಕರಣದ ಸೂತ್ರ ಬಾಯಿಪಾಠ ಇರುವ ಮಕ್ಕಳೂ ಒಂದು ಮೈನಸ್ ತಪ್ಪಿ ಉತ್ತರ ಕಳೆದುಕೊಳ್ಳುತ್ತಾರೆ. ಅದನ್ನು ಸರಿಪಡಿಸಬಹುದು. ಅಷ್ಟಕ್ಕೇ ಮಗುವನ್ನು ದಡ್ಡ ಅಂದುಬಿಡಬೇಡಿ.

ಮಹಾರಾಷ್ಟ್ರ ಬೋರ್ಡಿನ ಹತ್ತನೆಯಲ್ಲಿ ಈಗ ಸುಲಭದ ಗಣಿತ ಅಂತ ಬೇರೆ ಇಲ್ಲ. ಬೀಜಗಣಿತಕ್ಕೆ 40 ಅಂಕ, ರೇಖಾಗಣಿತಕ್ಕೆ 40, ಶಾಲೆಯ ಕೈಯಲ್ಲಿ 20. ಸಿಬಿಎಸ್‌ಇಯಲ್ಲಿ ಮಾತ್ರ 2020ರ ಪರೀಕ್ಷೆಯಿಂದ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡಿವೆ. ಪಾಠ ಒಂದೇ, ಪುಸ್ತಕ ಒಂದೇ. ಬೋರ್ಡ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಬೇಸಿಕ್ ಬರೆದವರಿಗೆ ಹನ್ನೊಂದರಲ್ಲಿ ಗಣಿತ ಇಲ್ಲ ಅನ್ನುವುದು ಮೂಲ ನಿಯಮ. ಬೋರ್ಡ್ ಆಮೇಲೆ ಅದನ್ನು ಸಡಿಲಿಸಿದ್ದೂ ಇದೆ. ಹಾಗಾಗಿ ಫಾರ್ಮ್ ತುಂಬುವ ಮೊದಲು ಈ ವರ್ಷದ ನಿಯಮ ಏನಂತ ಶಾಲೆಯಲ್ಲಿ ಕೇಳಿಕೊಳ್ಳಿ.

ನಿಜವಾದ ಆಯ್ಕೆ ಬರುವುದು ಹನ್ನೊಂದರಲ್ಲಿ. ಮುಂಬಯಿಯ ಕಾಮರ್ಸ್ ಜೂನಿಯರ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಗಣಿತ ಅಥವಾ ಎಸ್‌ಪಿ ತಗೊಳ್ಳಬೇಕು. ಎಸ್‌ಪಿ ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್, ಕಂಪನಿಯ ಕಾರ್ಯದರ್ಶಿ ಕೆಲಸ ಕಲಿಸುವ ವಿಷಯ. "ಗಣಿತ ಸ್ಕೋರಿಂಗ್" ಅಂತ ಯಾರೋ ಹೇಳಿದ್ದಕ್ಕೆ ಮಗುವನ್ನು ಅದಕ್ಕೆ ನೂಕುವವರು ಜಾಸ್ತಿ. ನನಗೆ ಇದು ಸರಿ ಕಾಣುವುದಿಲ್ಲ. ಹನ್ನೆರಡರ ಕಾಮರ್ಸ್ ಗಣಿತದ ಮೊದಲ ಭಾಗದಲ್ಲಿ ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಇವೆ. ಬೀಜಗಣಿತ ಕೈಗೆ ಬರದಿದ್ದರೆ ಇಲ್ಲಿ ಪ್ರತಿ ಹೆಜ್ಜೆಗೂ ಕಷ್ಟ. ಎರಡನೆಯ ಭಾಗ ಬೇರೆ ತರಹ. ಕಮಿಷನ್, ವಿಮೆ, ಇಂಡೆಕ್ಸ್ ನಂಬರ್, ಲೀನಿಯರ್ ಪ್ರೋಗ್ರಾಮಿಂಗ್. ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಲೆಕ್ಕ ಹಿಡಿಯುವ ಹುಡುಗರಿಗೆ ಇದು ಸಲೀಸಾಗಿ ಹತ್ತುತ್ತದೆ. ಆದರೆ ಒಂದೇ ಭಾಗ ಓದಿದರೆ ಸಾಲದಲ್ವಾ?

ಗಣಿತ ಬಿಟ್ಟರೆ ಏನು ಕೈತಪ್ಪುತ್ತದೆ ಅನ್ನುವುದನ್ನೂ ಮಗುವಿಗೆ ಸ್ಪಷ್ಟವಾಗಿ ಹೇಳಿ. ಬಿಕಾಂಗೆ ತೊಂದರೆ ಇಲ್ಲ. ಸಿಎ ಓದಲೂ ಹನ್ನೆರಡರಲ್ಲಿ ಗಣಿತ ಇರಲೇಬೇಕು ಅಂತಿಲ್ಲ. ಆದರೆ ಸಿಎ ಫೌಂಡೇಷನ್‌ನಲ್ಲಿ ಬಿಸಿನೆಸ್ ಗಣಿತ, ಸ್ಟಾಟಿಸ್ಟಿಕ್ಸ್ ಸೇರಿದ 100 ಅಂಕದ ಪತ್ರಿಕೆ ಇದ್ದೇ ಇದೆ. ಸೈನ್ಸಿನಲ್ಲಿ ಗಣಿತ ಬಿಟ್ಟು ಬಯಾಲಜಿ ತಗೊಂಡರೆ ಮೆಡಿಕಲ್‌ಗೆ ನೀಟ್ ಬರೆಯಬಹುದು, ಇಂಜಿನಿಯರಿಂಗ್ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ.

ಹತ್ತನೆಯ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ. ರಿಸಲ್ಟ್, ಅಡ್ಮಿಷನ್ ಅಂತ ತಿಂಗಳುಗಟ್ಟಲೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ದಿನಾ ಅರ್ಧ ಗಂಟೆ ಭಿನ್ನರಾಶಿ, ಬೀಜಗಣಿತ ಮಾಡಿಸಿ. ಊರಿಗೆ ಹೋದರೂ ನೋಟ್‌ಬುಕ್ ಜೊತೆಗಿರಲಿ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಹನ್ನೊಂದನೆಯ ಗಣಿತ, ಎಸ್‌ಪಿ ಪುಸ್ತಕಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಫಾರ್ಮ್‌ನಲ್ಲಿ ವಿಷಯ ಬರೆಯುವ ಮೊದಲು ಎರಡರಿಂದಲೂ ಒಂದೊಂದು ಪಾಠ ಮಗುವೇ ಓದಲಿ.