ಬಾಟಲಿಯಲ್ಲಿ ಕವಳಿ

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಕವಳಿ ಹಣ್ಣಿನ ಗಿಡ. ಕರಾವಳಿಯವರು ಕರಂಡೆ ಅಂತಾರಲ್ಲ, ಅದೇ. ಬೇಸಿಗೆ ರಜೆಯಲ್ಲಿ ಅದರ ಮುಳ್ಳಿಗೆ ಕೈ ಗೀರಿಸಿಕೊಂಡು, ತುಟಿಗೆಲ್ಲ ಸೊನೆ ಅಂಟಿಸಿಕೊಂಡು ತಿಂದವಳು ನಾನು. ಈಗ ಆ ಗುಡ್ಡದ ಅರ್ಧಭಾಗ ರಬ್ಬರ್ ತೋಟ. ಔಷಧೀಯ ಅಂಶ ಬೇಕೆಂದು ಉಳಿದ ಪೊದೆಗಳನ್ನೂ ಸವರುವುದು ಬೇಡ. ಒಂದು ಎಲೆಯ ಚೂರಿನಿಂದ ಬಾಟಲಿಯಲ್ಲೇ ಜೀವಕೋಶ ಬೆಳೆಸಿ ಆ ಅಂಶವನ್ನು ಪಡೆಯಬಹುದಾ ಅಂತ ನೋಡುವ ಆಸೆ ನನ್ನದು.

ತಯಾರಿಯಲ್ಲಿ ಏನೂ ಕಮ್ಮಿ ಮಾಡಿರಲಿಲ್ಲ. 1962ರಲ್ಲಿ ಮುರಾಶಿಗೆ, ಸ್ಕೂಗ್ ಎಂಬ ವಿಜ್ಞಾನಿಗಳು ತಂಬಾಕಿಗೆಂದು ರೂಪಿಸಿದ ಪೋಷಕ ಮಿಶ್ರಣ, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್, ಹಾರ್ಮೋನು. ಸೂಕ್ಷ್ಮಜೀವಿ ಸಾಯಲು 121 ಡಿಗ್ರಿಯ ಹಬೆಯಲ್ಲಿ ಆಟೋಕ್ಲೇವ್. ಒಟ್ಟು 40 ಬಾಟಲಿ.

ಮೂರನೇ ದಿನ ಬೆಳಿಗ್ಗೆ ಕಲ್ಚರ್ ರೂಮಿನ ಬಾಗಿಲು ತೆಗೆದರೆ ಎದೆ ಧಸಕ್ಕೆಂದಿತು. ಪ್ರತಿ ಎಲೆಚೂರಿನ ಸುತ್ತ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಉಂಗುರ. ಬೂಷ್ಟಿನ ಸುಳಿವೇ ಇಲ್ಲ. ಆದರೂ ಚೂರುಗಳು ಸತ್ತಿದ್ದವು.

ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಫೀನಾಲ್ ಕಣಮ್ಮ, ಗಿಡದ್ದೇ ರಾಸಾಯನಿಕ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗಲ್ವಾ, ಹಾಗೆ. ಕತ್ತರಿಸಿದ ಗಾಯದಿಂದ ಬಂದು ಗಾಳಿಗೆ ಬಣ್ಣ ತಿರುಗಿದೆ. ಅದೇ ವಿಷವಾಗಿ ಗಿಡವನ್ನೇ ಕೊಂದಿದೆ. ನೀನು ಹುಡುಕ್ತಿರೋದರಲ್ಲಿ ಇದೂ ಒಂದು ಅಲ್ವಾ?"

ಹೌದು! ನನಗೆ ಬೇಕಾಗಿದ್ದ ಗುಂಪಿನ ವಸ್ತುವೇ ಕಣ್ಣೆದುರು ಹರಿದಿತ್ತು, ಜೀವಕೋಶ ಬೆಳೆಯುವ ಮೊದಲೇ ಬಂದಿತ್ತು ಅಷ್ಟೇ.

ಮನೆಯಲ್ಲಿ ಅಮ್ಮ ಬದನೆಕಾಯಿಯನ್ನು ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತಾರೆ. ನಾನೂ ಅದನ್ನೇ ಮಾಡಿದೆ, ನೀರಿನ ಬದಲು ಆಸ್ಕಾರ್ಬಿಕ್ ಆಮ್ಲದ ದ್ರಾವಣ. ಬಲಿತ ಎಲೆ ಬಿಟ್ಟು ಚಿಗುರು ತಂದೆ. ಮೊದಲ ವಾರ ಬಾಟಲಿಗಳನ್ನು ಕತ್ತಲಲ್ಲಿಟ್ಟೆ. ಅಂಚು ಕಂದಾದರೆ ಸಾಕು, ತಕ್ಷಣ ಹೊಸ ಬಾಟಲಿಗೆ. ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಪೆಟ್ಟಿಗೆಯ ಮುಂದೆ ಕೂತು ಕೂತು ಬೆನ್ನು ಹಿಡಿದುಕೊಂಡಿತು.

ಸುಮಾರು ನಾಲ್ಕು ವಾರಕ್ಕೆ ಹನ್ನೊಂದು ಬಾಟಲಿಗಳಲ್ಲಿ ಕ್ಯಾಲಸ್, ಅಂದರೆ ಜೀವಕೋಶಗಳ ಗಡ್ಡೆ, ಬಂತು. ಎಲೆಯ ಅಂಚು ಉಬ್ಬಿ, ನೆನೆಸಿದ ಕಡಲೆಯಷ್ಟು ದೊಡ್ಡ ಮಾಸಲು ಹಳದಿ ಉಂಡೆ. ಚಿಮಟದಲ್ಲಿ ಮುಟ್ಟಿದರೆ ರವೆ ಉಂಡೆಯ ಹಾಗೆ ಉದುರುತ್ತಿತ್ತು. ಒಂದಿಷ್ಟನ್ನು ಒಣಗಿಸಿ, ಅರೆದು, ಮೆಥನಾಲಿನಲ್ಲಿ ನೆನೆಸಿ, ಸೋಸಿದೆ. ಫೋಲಿನ್ ದ್ರಾವಣ, ಆಮೇಲೆ ಸೋಡಿಯಂ ಕಾರ್ಬೊನೇಟ್ ಹಾಕಿ ಕಾದೆ. ನೀಲಿ ಬಂದರೆ ಫೀನಾಲ್ ಇರಬಹುದು ಅಂತಷ್ಟೇ ಹೇಳುವ ಪರೀಕ್ಷೆ ಇದು. ಯಾವ ಫೀನಾಲ್, ಯಾವುದು ಎಷ್ಟು ಅಂತ ತಿಳಿಯಲು ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕು.

ನಳಿಕೆಯಲ್ಲಿ ಮೆಲ್ಲಗೆ ನೀಲಿ ಏರಿತು. ಓಡಿ ಹೋಗಿ ಮೇಡಂನ ಕರೆದುಕೊಂಡು ಬಂದೆ.