ಹೆಣ್ಮಕ್ಕಳ ವಾಡೇಯ ಹೊರಗಿನ ಕೋಣೆ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಎರಡೇ ಹೊತ್ತು. ಬೆಳಿಗ್ಗೆ ಹತ್ತರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ. ನಡುವೆ ಹೋಗಿ ಬಾಗಿಲು ಬಡಿದರೆ ಖಾಲಿ ಮನೆ ಇದ್ದವರೂ ಇಲ್ಲ ಅನ್ನುತ್ತಾರೆ, ಎದ್ದು ಬಂದು ಬೀಗ ತೆಗೆಯುವ ತ್ರಾಸಿಗೆ. ನಾನು ಹೊರಟಿದ್ದು ಒಂದು ಭಾನುವಾರ, ಏಳೂವರೆಗೆ. ಜೊತೆಗೆ ಮಗ, ಮತ್ತು ಮುಂದೆ ಸ್ಕೂಟರಿನ ಮೇಲೆ ದಾರಿ ತೋರಿಸುತ್ತಿದ್ದ ಏಜೆಂಟ. ನಾವು ಹಿಂದೆ ಆಟೋದಲ್ಲಿ.

ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಕೈಗೆ ಬರುವುದು 17,000. ಮಗನಿಗೆ ಹದಿಮೂರು. ಗಂಡ ಇದ್ದಾರೆ, ನನ್ನ ಜೊತೆ ಇಲ್ಲ. ಕೋರ್ಟಿನ ಕಾಗದವೂ ಇಲ್ಲ. ಮೊದಲಿನ ಎರಡು ಮಾತು ಹೇಳುವುದು ಸುಲಭ. ಮೂರನೆಯದನ್ನು ಯಾರ ಮನೆಯ ಕಟ್ಟೆಯ ಮೇಲೆ ನಿಂತು ಹೇಗೆ ಹೇಳಬೇಕು ಅನ್ನುವುದೇ ಆ ದಿನದ ಕೆಲಸ.

ನಾಲ್ಕು ವರ್ಷ ಶಹಾಬಜಾರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಅವನ ಮಗನ ಮದುವೆ ಗೊತ್ತಾಯಿತು. ಯಾರೂ ನನಗೆ ಹೋಗು ಅನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಣ್ಣ ಹಚ್ಚುವವರು ಬಂದು ನನ್ನ ಕೋಣೆಯ ಅಳತೆ ತೆಗೆದುಕೊಂಡು ಹೋದರು, ಅಷ್ಟೇ.

ಮೊದಲ ಮನೆ ಜಯನಗರದಲ್ಲಿ, ಮಹಡಿಯ ಮೇಲೆ. ಮಾಲಕರು ರಿಟೈರ್ ಆದವರು, ಮಾತು ಮೃದು. ‘ಯಜಮಾನ್ರು ಏನ್ ಮಾಡ್ತಾರ್ರಿ?’ ಅಂದರು. ‘ಪುಣೆದಾಗ ಇರ್ತಾರ್ರಿ’ ಅಂದೆ. ಅದು ಖರೆಯೇ. ‘ತಿಂಗಳಿಗೊಮ್ಮೆ ಬಂದು ಹೋಗ್ತಾರಲ್ಲ?’ ಅಂದರು. ನಾನು ಸುಮ್ಮನಾದೆ. ನನ್ನ ಮಗ ನೆಲ ನೋಡಿದ. ಅವರಿಗೆ ಗೊತ್ತಾಯಿತು. ನಂತರ ಅವರು ನನಗೆ ಚಹಾ ಕುಡಿಸಿ ಕಳಿಸಿದರು. ಮನೆ ಇಲ್ಲ ಅನ್ನುವವರು ಚಹಾ ಕೊಡುತ್ತಾರೆ ಅನ್ನುವುದನ್ನು ಅವತ್ತೇ ಕಲಿತೆ.

ಎರಡನೆಯದು ಸೇಡಂ ರಸ್ತೆಯ ಕಡೆಗೆ. 7,500 ಬಾಡಿಗೆ, ಆರು ತಿಂಗಳ ಅಡ್ವಾನ್ಸು. ಅಲ್ಲಿ ಗಂಡನ ಸುದ್ದಿ ಬರಲೇ ಇಲ್ಲ, ಬಾಡಿಗೆಯೇ ಮಾತು ಮುಗಿಸಿತು. ಮೂರನೆಯದು ರಾಮಮಂದಿರ ಸರ್ಕಲ್ಲಿನ ಹತ್ತಿರ. ಅಲ್ಲಿಯ ಅಮ್ಮಾರಿಗೆ ನಾನು ಹಿಡಿಸಿದೆ, ನನಗೂ ಅಡುಗೆಮನೆಯ ಕಿಟಕಿ ಹಿಡಿಸಿತು. ‘ನಮ್ಮನ್ಯಾವ್ರಿಗಿ ಕೇಳಿ ಸಂಜಿಗಿ ಫೋನ್ ಮಾಡ್ತೀನ್ರಿ’ ಅಂದರು. ಯಾವ ಸಂಜೆ ಅಂತ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಏಜೆಂಟ ಬೇವಿನ ನೆರಳಲ್ಲಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದ. ‘ಅಕ್ಕೋರ, ತಪ್ಪು ತಿಳಿಬ್ಯಾಡ್ರಿ, ಒಂದ್ ಮಾತು. ಹೊಳ್ಳಿ ಗಂಡನ ಮನಿಗಿ ಹೋದ್ರ ಬಾಡಗೀನೇ ಇಲ್ಲ.’ ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ‘ಹಂಗಾದ್ರ ನಿನಗ ಕಮಿಷನ್ನೂ ಇಲ್ಲಲ್ಲಪ್ಪ’ ಅಂದೆ. ಅವನೂ ನಕ್ಕ. ‘ಒಂದ್ ಜಾಗಾ ಅದ. ಬ್ರಹ್ಮಪುರದಾಗ. ಹೆಣ್ಮಕ್ಕಳಿಗಿ ಅಷ್ಟ ಕೊಡ್ತಾರ’ ಅಂದ. ಹೇಳುವಾಗ ಮಗನ ಕಡೆ ಒಮ್ಮೆ ನೋಡಿದ.

ಇಷ್ಟು ಅಲೆಯುವ ಬದಲು ಸರ್ಕಾರದ ಮನೆಗೆ ಯಾಕೆ ಹಾಕಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ‘ಈಗ ಹೆಣ್ಮಕ್ಕಳ ಹೆಸರಿಗೇ ಕೊಡ್ತಾರಲ್ಲ’ ಅನ್ನುತ್ತಾರೆ. ಹೌದು. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆ ಹೆಂಗಸಿನ ಹೆಸರಲ್ಲಿ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರಬೇಕು. ವರ್ಷಕ್ಕೆ 3 ಲಕ್ಷದ ಒಳಗೆ ದುಡಿಯುವ ನಾನು ಲೆಕ್ಕದ ಪ್ರಕಾರ ಅದರಲ್ಲಿ ಬರುತ್ತೇನೆ. ಹೋಗಿದ್ದೆ. ರೇಷನ್ ಕಾರ್ಡ್ ಕೇಳಿದರು. ಕಾರ್ಡಿನಲ್ಲಿ ಮನೆಯ ಯಜಮಾನಿ ನಮ್ಮತ್ತೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ದಾಟಿದ ಹೆಂಗಸರಲ್ಲಿ ಹಿರಿಯಳೇ ಕಾರ್ಡಿಗೆ ಯಜಮಾನಿ. ಹೆಣ್ಣಿಗೆ ಮಾನ ಕೊಡಬೇಕೆಂದೇ ಮಾಡಿದ ಕಾನೂನು. ಅದು ಹುಡುಕಿಕೊಂಡು ಹೋಗಿ ಮಾನ ಕೊಟ್ಟದ್ದು ನಮ್ಮತ್ತೆಗೆ. ನನ್ನ ಹೆಸರು ಅಲ್ಲಿಂದ ತೆಗೆಸಬೇಕಾದರೆ ಅವರು ಬಂದು ಒಪ್ಪಬೇಕು ಅಂದರು ಕಿಟಕಿಯ ಆಚೆ ಕೂತವರು. ಆ ಕಾರ್ಡಿನಲ್ಲಿ ನಾನು ಇವತ್ತಿಗೂ ಸೊಸೆ.

ದುಡಿಯುವ ಹೆಂಗಸರ ಹಾಸ್ಟೆಲ್ಲಿನ ನಿಯಮಗಳನ್ನೂ ಓದಿದೆ. 1972-73ರಿಂದ ಕೇಂದ್ರ ಸರ್ಕಾರ ನಡೆಸಿಕೊಂಡು ಬಂದ ಯೋಜನೆ, ಈಗ ಸಖಿ ನಿವಾಸ ಅಂತ ಹೆಸರು. ಬಾಡಿಗೆಯ ಲೆಕ್ಕ ಓದಿ ಕಣ್ಣು ಅರಳಿತು: ಒಬ್ಬರೇ ಇರುವ ಕೋಣೆಗೆ ಸಂಬಳದಲ್ಲಿ ನೂರಕ್ಕೆ 15, ಇಬ್ಬರ ಕೋಣೆಗೆ ನೂರಕ್ಕೆ 10, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೆಳಗೆ ಮಕ್ಕಳ ಸಾಲು. ಹೆಣ್ಣು ಮಗುವಾದರೆ 18ರ ತನಕ ತಾಯಿಯ ಜೊತೆ ಇರಬಹುದು. ಗಂಡು ಮಗುವಾದರೆ 12. ನಾನು ಒಂದು ವರ್ಷ ತಡ ಮಾಡಿ ಗಂಡನ ಮನೆ ಬಿಟ್ಟವಳ ಹಾಗೆ ಆ ಸಾಲನ್ನು ಎರಡು ಸಲ ಓದಿದೆ.

ಹೆಂಗಸರಿಗೆಂದೇ ಬೇರೆ ಮನೆ ಬೇಕೇ ಅನ್ನುವ ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ಒಮ್ಮೆ ಎದ್ದಿತ್ತು. ಲಂಡನ್ನಿನ ಪಶ್ಚಿಮಕ್ಕೆ ಆ್ಯಕ್ಟನ್ ಅನ್ನುವಲ್ಲಿ ಹೆಂಗಸರಿಗೆಂದೇ 102 ಮನೆಗಳ ದೊಡ್ಡ ಕಟ್ಟಡದ ಯೋಜನೆ ಹಾಕಿದಾಗ ಅಲ್ಲಿ ಗಂಡಸರಿಗೆ ಅನ್ಯಾಯ ಅಂತ ಗದ್ದಲವಾಗಿದ್ದನ್ನು ಇಂಗ್ಲಿಷ್ ಮೇಡಂ ಓದಿ ಹೇಳಿದರು. ಯೋಜನೆ ಹಾಕಿದ ವುಮೆನ್ಸ್ ಪಯೋನಿಯರ್ ಹೌಸಿಂಗ್ ಹುಟ್ಟಿದ್ದು 1920ರಲ್ಲಿ. ನೂರು ವರ್ಷ ಕಳೆದರೂ ಅಲ್ಲಿ ಅದರ ಕೆಲಸ ಮುಗಿದಿಲ್ಲ. 2019ರಲ್ಲಿ ವುಮೆನ್ಸ್ ಬಜೆಟ್ ಗ್ರೂಪ್ ಎಂಬ ಸಂಸ್ಥೆ ಲೆಕ್ಕ ಹಾಕಿ ತೋರಿಸಿತ್ತು: ಇಂಗ್ಲೆಂಡಿನಲ್ಲಿ ಮನೆ ಕೊಳ್ಳಬೇಕಾದರೆ ಗಂಡಸಿನ ವರ್ಷದ ದುಡಿಮೆಯ 8 ಪಟ್ಟು ಬೇಕು, ಹೆಂಗಸಿನ ದುಡಿಮೆಯದಾದರೆ 12 ಪಟ್ಟು. ನಮ್ಮ ಗಣಿತದ ಸರ್ ಅಷ್ಟಕ್ಕೆ ಬಿಡಲಿಲ್ಲ. ‘ಹಂಗಾರ ಬಡವ ಗಂಡಸು ಎಲ್ಲಿಗಿ ಹೋಗ್ಬೇಕ್ರಿ? ಬಡತನ ನೋಡಿ ಕೊಡ್ರಿ, ಗಂಡು ಹೆಣ್ಣು ಯಾಕ ನೋಡ್ತೀರಿ?’ ಅಂದರು. ಸರಿಯಾದ ಪ್ರಶ್ನೆ. ಆದರೆ ಸರ್‌ಗೆ ಯಾವ ಮಾಲಕರೂ ‘ನಿಮ್ಮ ಹೆಂಡ್ತಿ ತಿಂಗಳಿಗೊಮ್ಮೆ ಬರ್ತಾರಲ್ಲ’ ಅಂತ ಕೇಳಿರಲಿಕ್ಕಿಲ್ಲ. ಅಂದು ನಾನು ಬಾಯಿ ಬಿಡಲಿಲ್ಲ. ನನ್ನ ಸಂಸಾರದ ಸುದ್ದಿ ಆಗ ಅವರಿಗಿನ್ನೂ ಗೊತ್ತಿರಲಿಲ್ಲ.

ಬ್ರಹ್ಮಪುರದ ಓಣಿ ಸಣ್ಣದು, ಆಟೋ ಒಳಗೆ ಬರಲಿಲ್ಲ. ಹಳೆಯ ವಾಡೇ. ದಪ್ಪ ಕಲ್ಲಿನ ಗೋಡೆ, ಒಳಗೆ ಶಹಾಬಾದಿ ಫರ್ಸಿ ಹಾಸಿದ ಅಂಗಳ, ಸುತ್ತ ಒಂಬತ್ತು ಕೋಣೆ. ಹೊರಗೆ 43 ಡಿಗ್ರಿ ಬಿಸಿಲು. ಒಳಗೆ ಕಾಲಿಟ್ಟರೆ ಅಂಗಾಲು ತಣ್ಣಗೆ. ಅದು ನಳ ಬರುವ ದಿನ. ಅಂಗಳದ ತುಂಬ ಕೊಡ, ಬಕೆಟ್ಟು, ಡ್ರಮ್ಮು. ಸೆರಗು ಸಿಕ್ಕಿಸಿದ ಹೆಂಗಸರು, ಒದ್ದೆ ಕೂದಲು, ನೈಟಿ, ದೊಡ್ಡ ದನಿ. ಮಗನನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸಿ ಒಳಗೆ ಹೋಗಿದ್ದೆ. ಅವನ ಕೈಯಲ್ಲಿ ನಿಂಬೆ ಸೋಡಾ.

ಮಾಲಕಿಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಾರೆ. ಗಂಡ ತೀರಿದ್ದಾರೆ, ಮಕ್ಕಳು ಹೈದರಾಬಾದಿನಲ್ಲಿ. ಹೆಣ್ಮಕ್ಕಳಿಗೆ ಮಾತ್ರ ಯಾಕೆ ಅಂತ ಕೇಳಿದೆ. ಏನೋ ದೊಡ್ಡ ಮಾತು ಹೇಳುತ್ತಾರೆ ಅಂದುಕೊಂಡಿದ್ದೆ. ‘ಬಾಡಗಿ ತಡಾ ಮಾಡಂಗಿಲ್ಲ. ಗ್ವಾಡಿಗಿ ಮೊಳಿ ಹೊಡಿಯಂಗಿಲ್ಲ. ರಾತ್ರಿ ಕುಡದ್ ಬಂದು ಬಾಗಿಲಾ ಒದಿಯಂಗಿಲ್ಲ’ ಅಂದರು. ಬಾಡಿಗೆ ಮೂರು ಸಾವಿರ. ಅಡ್ವಾನ್ಸು ಎರಡು ತಿಂಗಳದ್ದು. ಗಂಡ ಏನು ಮಾಡುತ್ತಾನೆ ಅಂತ ಕೇಳಲಿಲ್ಲ. ಯಾರಾದರೂ ಕೇಳದೆ ಬಿಟ್ಟರೂ ಕಣ್ಣಲ್ಲಿ ನೀರು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವರು ಕೇಳಿದ್ದು, ‘ಹೊರಗ ಕುಂತಾನಲ್ಲ, ಅವ ನಿನ್ನ ಮಗ ಏನು?’

‘ಹದಿಮೂರ್ರಿ. ಸಣ್ಣವ.’

‘ಮೀಸಿ ಬರೋ ವಯಸ್ಸದ, ತಾಯಿ.’ ಆಮೇಲೆ ಅಂಗಳದ ಕಡೆ ತಿರುಗಿ, ‘ಏ, ನೀವೇ ಹೇಳ್ರೆ. ಇರೋರು ನೀವು’ ಅಂದರು.

ಕೊಡಗಳು ಕೆಳಗಿಳಿದವು. ನಳ ಮಾತ್ರ ಸುರಿಯುತ್ತಲೇ ಇತ್ತು.

ಮೊದಲು ಮಾತಾಡಿದವಳು ಚಿಂಚೋಳಿ ಕಡೆಯ ಹುಡುಗಿ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಳು. ‘ನೀವು ಬರ್ರಿ ಅಕ್ಕೋರ. ಅವ ಬ್ಯಾಡ’ ಅಂದಳು. ಒರಟಾಗಿ ಅನ್ನಲಿಲ್ಲ. ಊರಲ್ಲಿ ಅವರದು ಒಟ್ಟು ಸಂಸಾರ, ಅಣ್ಣತಮ್ಮಂದಿರು ಕಾಕಾನ ಮಕ್ಕಳು ಸೇರಿ ಏಳು ಮಂದಿ ಗಂಡು ಹುಡುಗರು. ಬಟ್ಟೆ ಬದಲಿಸಬೇಕಾದರೆ ದನದ ಕೊಟ್ಟಿಗೆಗೆ ಹೋಗುತ್ತಿದ್ದಳಂತೆ. ಇಲ್ಲಿ ಬಂದ ಮೇಲೆ ಮೊದಲನೇ ಸಲ ಸೆಕೆಗೆ ಬಾಗಿಲು ತೆರೆದಿಟ್ಟು ಮಲಗಿದ್ದೇನೆ ಅಂದಳು. ‘ಸಣ್ಣವ ಅಂತೀರಿ. ನಮ್ಮೂರಾಗ ನನಗ ಕಾಡಿದವನಿಗಿ ಹದಿನಾಲ್ಕ್ರಿ.’

ಇದಕ್ಕೆ ನಾನೇನು ಹೇಳಲಿ? ಹದಿಮೂರು ಹದಿನಾಲ್ಕರ ನಲವತ್ತು ಹುಡುಗರ ಮುಂದೆ ದಿನವೂ ನಿಲ್ಲುವವಳು ನಾನು. ನನ್ನ ಮಗ ಅಂಥವನಲ್ಲ ಅನ್ನುವುದು ಎಲ್ಲ ತಾಯಂದಿರ ಮಾತು. ಆ ಹದಿನಾಲ್ಕರವನ ತಾಯಿಯೂ ಅದನ್ನೇ ಅಂದಿರುತ್ತಾಳೆ.

ನರ್ಸ್ ಒಬ್ಬಳು ನನ್ನ ಪರ ನಿಂತಳು. ನೈಟ್ ಡ್ಯೂಟಿ ಮುಗಿಸಿ ಬಂದು ಇನ್ನೂ ಮಲಗಿರಲಿಲ್ಲ. ‘ಬರೇ ಹೆಂಗಸರೇ ಇರ್ತೀವಿ ಅಂತ ಊರಿಗೆಲ್ಲಾ ಗೊತ್ತದ. ಅದಕ್ಕೇ ಪಾನ್ ಡಬ್ಬಿ ಮುಂದ ನಾಕ್ ಮಂದಿ ನಿಂದ್ರತಾರ. ಈ ಗ್ವಾಡಿ ಒಳಗ ನಮಗ ಕಾಯ್ತದ, ಹೊರಗ ನಮ್ಮ ವಿಳಾಸ ಹೇಳ್ತದ. ಒಬ್ಬ ಹುಡುಗ ಇದ್ರ ಏನಾಗ್ತದ?’ ಅಂದಳು. ‘ಹಂಗಾದ್ರ ಕಾವಲಕ್ಕ ಹುಡುಗ ಬೇಕೇನು ನಿನಗ?’ ಅಂತ ಚಿಂಚೋಳಿಯವಳು ತಿರುಗಿ ಕೇಳಿದಳು. ನರ್ಸ್‌ಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ, ಅಥವಾ ನಿದ್ದೆ ಬಂದಿತ್ತು.

ಕೊನೆಗೆ ಎದ್ದವಳು ಮೂಲೆಯ ಕೋಣೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ವಿಧವೆ. ಕೈಗೆಲ್ಲ ಜೋಳದ ಹಿಟ್ಟು. ‘ನನಗೂ ಮಗ ಅದಾನ. ಹತ್ತು ವರ್ಷದವ ಇದ್ದಾಗ ಅಕ್ಕನ ಮನಿಗಿ ಕಳಿಸಿ ಇಲ್ಲಿ ಬಂದೆ. ಈಗ ಫೋನ್ ಮಾಡಿದ್ರ ಅವ ಮಾತಾಡಂಗಿಲ್ಲ. ನಾ ಕಳಿಸೀನಿ. ಈಕಿ ಯಾಕ ಕಳಸಬಾರ್ದು?’ ಅಂದವಳೇ ಒಳಗೆ ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳ ಬಹಳ ಹೊತ್ತು ಕೇಳಿಸಿತು.

ಹೆಂಗಸರಿಗೆಂದೇ ಮನೆ ಇರಬೇಕೋ ಬೇಡವೋ ಅಂತ ಈಗ ಯಾರಾದರೂ ಕೇಳಿದರೆ, ಬೇಕು ಅನ್ನುತ್ತೇನೆ. ಬಾಗಿಲು ತೆರೆದಿಟ್ಟು ಮಲಗಿದ ಆ ಹುಡುಗಿಯ ನಿದ್ದೆಯೊಂದೇ ಸಾಕು ಅದಕ್ಕೆ. ಆದರೆ ಇಂಥ ಮನೆಯ ನಿಯಮ ಬರೆಯುವವರು ಯಾವ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೋ ನನಗೆ ತಿಳಿಯದು. ಹೆಣ್ಣು ಅಂದರೆ ಒಂದು ಸೂಟ್‌ಕೇಸು ಹಿಡಿದು ಒಬ್ಬಳೇ ಬರುತ್ತಾಳೆ, ಅಥವಾ ಹೆಣ್ಣು ಮಕ್ಕಳನ್ನೇ ಹಡೆದಿರುತ್ತಾಳೆ. ನಾವು ಗಂಡನಿಂದ ತಪ್ಪಿಸಿಕೊಂಡು ಬರುವಾಗ ಮಗನ ಕೈ ಹಿಡಿದುಕೊಂಡೇ ಬಂದಿರುತ್ತೇವೆ. ಅದೂ ಹಾಳಾಗಲಿ, ದೊಡ್ಡ ಹಾಸ್ಟೆಲ್ಲಿಗೆ ಒಂದು ಬೇರೆ ಮೆಟ್ಟಿಲು ಕಟ್ಟುವುದು ಎಷ್ಟರ ಕೆಲಸ? ಒಂಬತ್ತು ಕೋಣೆಯ ದೊಡ್ಡವ್ವನಿಗೆ ಅದು ಹೊಳೆಯಿತು.

ಓಣಿಯ ಕಡೆಗೆ ಬಾಗಿಲಿದ್ದ ಹತ್ತನೆಯ ಕೋಣೆಯೊಂದಿತ್ತು, ಹಿಂದೆ ಹಿಟ್ಟಿನ ಗಿರಣಿ ಇದ್ದದ್ದು. ಗೋಡೆಯ ಸಂದಿಯಲ್ಲಿ ಇನ್ನೂ ಹಿಟ್ಟಿನ ವಾಸನೆ. ಹಿಂದಿನ ಗೋಡೆಯಲ್ಲಿ ಅಂಗಳಕ್ಕೆ ತೆರೆಯುವ ಸಣ್ಣ ದಿಡ್ಡಿ ಬಾಗಿಲು. ಅದರ ಚಿಲಕ ಅಂಗಳದ ಕಡೆಗೆ. ನಾನು ಬಡಿಯಬಹುದು, ತೆರೆಯುವುದು ಅವರಿಗೆ ಬಿಟ್ಟದ್ದು. ಮಗ ಆ ಬಾಗಿಲು ದಾಟುವಂತಿಲ್ಲ. ಅವನಿಗೆ ಹೊರಗಿನ ಸಂದಿಯಲ್ಲಿ ಗಿರಣಿ ಆಳುಗಳ ಹಳೆಯ ಬಚ್ಚಲು, ಕಕ್ಕಸು. ತಗಡು ಹೊದಿಸಿಕೊಡುತ್ತೇನೆ ಅಂದರು. ‘ಬಾಡಗಿ ಮೂರೂವರಿ. ಅಂಗಡಿಗಿ ಕೊಟ್ರ ಐದು ಬರ್ತಿತ್ತು, ನೆನಪಿರಲಿ.’ ಚಿಂಚೋಳಿಯವಳು ಚಿಲಕವನ್ನು ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ‘ಹೂಂ’ ಅಂದಳು.

ಏಜೆಂಟನಿಗೆ ಅರ್ಧ ತಿಂಗಳ ಬಾಡಿಗೆ ಕಮಿಷನ್ ಕೊಟ್ಟೆ. ಮಗ ಸೋಡಾ ಬಾಟಲಿ ಹಿಡಿದುಕೊಂಡೇ ಕೂತಿದ್ದ, ಅರ್ಧ ಕುಡಿದಿದ್ದ. ಆ ಕಟ್ಟೆಗೆ ಅಂಗಳದ ಮಾತೆಲ್ಲ ಕೇಳಿಸುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಆಟೋದಲ್ಲಿ ಸೂಪರ್ ಮಾರ್ಕೆಟ್ ದಾಟಿದ ಮೇಲೆ ಕೇಳಿದ: ‘ಅವ್ವಾ, ನಾ ಏನ್ ಮಾಡೀನಿ?’ ಏನೂ ಮಾಡಿಲ್ಲಪ್ಪ ಅಂದೆ. ಅದಕ್ಕಿಂತ ಹೆಚ್ಚು ಆಟೋದಲ್ಲಿ ಹೇಳಲಿಕ್ಕೆ ಆಗಲಿಲ್ಲ, ಮನೆಗೆ ಬಂದ ಮೇಲೂ ಹೇಳಲಿಲ್ಲ.

ಮೇ ಮುಗಿಯುವುದರೊಳಗೆ ಸಾಮಾನು ತಂದೆವು: ಎರಡು ಟ್ರಂಕು, ಗ್ಯಾಸ್ ಒಲೆ, ಅವನ ಸೈಕಲ್ಲು. ಮೂರನೆಯ ರಾತ್ರಿಯೋ ನಾಲ್ಕನೆಯದೋ, ಊಟವಾದ ಮೇಲೆ ಲೈಟ್ ಹೋಯಿತು. ಗಿರಣಿಯ ಕೋಣೆಗೆ ಕಿಟಕಿಯಿಲ್ಲ. ಫರ್ಸಿಯೂ ಬೆಚ್ಚಗಾಗಿತ್ತು. ಹಿಂದಿನ ಗೋಡೆಯಾಚೆ ಅಂಗಳದಲ್ಲಿ ಚಾಪೆ ಹಾಸುವ ಸಪ್ಪಳ, ನಗು. ಆಮೇಲೆ ಚಿಲಕ ತೆಗೆದ ಸಪ್ಪಳ. ಬಾಗಿಲಲ್ಲಿ ಚಿಂಚೋಳಿಯ ಹುಡುಗಿ, ಮೊಬೈಲಿನ ಬೆಳಕನ್ನು ನೆಲಕ್ಕೆ ಹಿಡಿದಿದ್ದಳು.

‘ಅಕ್ಕೋರ, ಸೆಕಿ ಭಾಳ ಅದ. ಅಂಗಳಕ್ಕ ಬರ್ರಿ.’

ನಾನು ಮಗನ ಕಡೆ ನೋಡಿದೆ. ಅವನು ಆಗಲೇ ಎದ್ದು ಚಾಪೆ ಸುತ್ತುತ್ತಿದ್ದ. ‘ನೀ ಹೋಗವ್ವಾ. ನಾ ಕಟ್ಟಿ ಮ್ಯಾಲ ಮಲಗ್ತೀನಿ’ ಅಂದು ಓಣಿಯ ಬಾಗಿಲಿನಿಂದ ಹೊರಗೆ ಹೋದ.

ನಾನು ದಿಡ್ಡಿ ದಾಟಿ ಅಂಗಳಕ್ಕೆ ಹೋದೆ. ಆಕೆ ನನ್ನ ಹಿಂದೆ ಚಿಲಕ ಹಾಕಿದಳು, ಸಪ್ಪಳಾಗದ ಹಾಗೆ.