ಹೂಮಳೆಯ ದಿನ ದೋಣಿಗೆ ಗಾಜು ಹೊದಿಸಿದ್ದು

ಮಾರ್ಚ್ ತಿಂಗಳಲ್ಲಿ ಬಾಳೆಹೊನ್ನೂರಿನ ಸುತ್ತಮುತ್ತ ಆಕಾಶ ನೋಡದವರಿಲ್ಲ. ರೊಬಸ್ಟಾ ಕಾಫಿಯ ಮೊಗ್ಗು ಅರಳಬೇಕಾದರೆ ಒಂದು ಇಂಚಾದರೂ ಹೂಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊತ್ತು ತಿರುಗಬೇಕು, ಡೀಸೆಲ್ ಲೆಕ್ಕ ಬರೆಯಬೇಕು. ಹಾಗಿರುವಾಗ ಮೂರೆಕರೆ ಕಾಫಿ ಇಟ್ಟುಕೊಂಡಿರುವ ಮೇಷ್ಟ್ರೊಬ್ಬ ಎರಡು ದಿನ ಮಳೆ ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರೆ ಅದನ್ನು ಊರಿನಲ್ಲಿ ಬಾಯಿ ಬಿಟ್ಟು ಹೇಳುವಂತಿಲ್ಲ. ನಾನು ಹೇಳಲೂ ಇಲ್ಲ. ಕಾಫಿ ಮೂಟೆಗಳು ಹೋಗಿ ಖಾಲಿಯಾದ ನಮ್ಮ ಗೋದಾಮಿನಲ್ಲಿ 13 ಅಡಿ ಉದ್ದದ ಮರದ ದೋಣಿಯೊಂದು ಬೋರಲಾಗಿ ಮಲಗಿತ್ತು. ಅದರ ಮೈಗೆ ಗಾಜಿನ ಎಳೆಯ ಬಟ್ಟೆ ಹೊದಿಸಿ, ಕಲಸಿ ಬಳಿದ ಮೇಲೆ ಗಟ್ಟಿಯಾಗುವ ಎಪಾಕ್ಸಿ ಎಂಬ ರೆಸಿನ್ ಕುಡಿಸಲು ನನಗೆ ಒಣ ಹವೆ ಬೇಕಿತ್ತು.

ಕನೂ ಎಂದು ಕರೆಯುವ ಈ ಜಾತಿಯ ದೋಣಿಯಲ್ಲಿ ಮಂಡಿಯೂರಿ ಕುಳಿತು ಒಂದೇ ಅಲಗಿನ ಹುಟ್ಟು ಹಾಕುತ್ತಾರೆ. ಕೆರೆಯಲ್ಲಿ ನೆಟ್ಟಗೆ ಸಾಗಬೇಕಾದ ದೋಣಿಯ ತಳ ಚಪ್ಪಟೆಯಾಗಿದ್ದರೆ ಸಾಕು. ಬಂಡೆಗಳ ನಡುವೆ ನೊರೆಯೆದ್ದು ಓಡುವ ಭದ್ರೆಯಲ್ಲಿ ನಿಂತಲ್ಲೇ ತಿರುಗಬೇಕಾದ ದೋಣಿಯ ತಳವಾದರೋ ಬಾಳೆಕಾಯಿಯಂತೆ ಎರಡೂ ತುದಿಗೆ ಏರಿರಬೇಕು. ನನ್ನದರಲ್ಲಿ ಆ ಏರು 4 ಇಂಚು. ಇಂಥ ದೋಣಿಗಳಿಗೆ ಹೇಳಿ ಮಾಡಿಸಿದಂತಿದ್ದ, ಬಂಡೆಗೆ ಸುತ್ತಿಕೊಂಡರೂ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತಿದ್ದ ರಾಯಲೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯ ತಯಾರಿಕೆ 2014ರಲ್ಲೇ ನಿಂತುಹೋಗಿತ್ತು. ಅದು ಸಿಗುತ್ತಿದ್ದರೂ ನಾನು ಮರದಲ್ಲೇ ಮಾಡುತ್ತಿದ್ದೆನೆಂಬುದು ಬೇರೆ ಮಾತು.

ಈ ಕೆಲಸಕ್ಕೆ ಅಮೆರಿಕದವರು ಹಗುರವಾದ ಕೆಂಪು ಸೀಡರ್ ಮರ ಬಳಸುತ್ತಾರೆ. ನಮ್ಮಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರವಿದೆ. ತೂಕದಲ್ಲಿ ಸೀಡರಿಗಿಂತ ಸುಮಾರು ಒಂದೂವರೆ ಪಟ್ಟು, ಒಣಗುವಾಗ ಸೊಟ್ಟಗಾಗುವ ಚಾಳಿ ಬೇರೆ. ಗಾಳಿಗೆ ಬಿದ್ದಿದ್ದ ಒಂದು ಮರವನ್ನು ಕೊಯ್ಯಿಸಿ, ವರ್ಷಕ್ಕೂ ಮೇಲೆ ನೆರಳಲ್ಲಿ ಒಣಗಿಸಿ, 6 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಅಗಲದ ರೀಪುಗಳನ್ನಾಗಿ ಸೀಳಿಸಿದೆ. ಅಡಿಗೊಂದರಂತೆ ನಿಲ್ಲಿಸಿದ ಪ್ಲೈವುಡ್ ಅಚ್ಚುಗಳ ಮೇಲೆ ಆ ರೀಪುಗಳನ್ನು ಒಂದರ ಅಂಚಿಗೊಂದು ಅಂಟಿಸುತ್ತಾ ಹೋದವರು ನಮ್ಮೂರಿನ ಆಚಾರ್ರು, ಮತ್ತು ಅವರ ಕೈಕೆಳಗೆ ನಾನು. ಉದ್ದ ಸಾಲದ ರೀಪುಗಳನ್ನು ಅವರು ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಿದ ಬೆಸುಗೆಗಳು ಎಲ್ಲಿವೆಯೆಂದು ಇಂದಿಗೂ ನನಗೆ ಹುಡುಕಲಾಗುವುದಿಲ್ಲ. ಆದರೂ ಅವರಿಗೆ ಈ ಕೆಲಸದ ಬಗ್ಗೆ ಒಂದು ತಕರಾರಿತ್ತು. "ಬಂಡೆಗೆ ಹೊಡ್ಸಕ್ಕೆ ಇಷ್ಟು ನುಣ್ಣಗೆ ಯಾಕೆ ಮಾಡ್ಬೇಕು ಮೇಷ್ಟ್ರೇ?" ಎಂದು ಕೀಸುಳಿ ಹಿಡಿದಾಗಲೆಲ್ಲ ಕೇಳುತ್ತಿದ್ದರು. ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಮೋಡದ ಸುಳಿವಿರಲಿಲ್ಲವಾದರೂ ಸೆಕೆ ಮಾತ್ರ ಸಂಜೆಗೆ ಏನೋ ಇದೆಯೆನ್ನುವಂತಿತ್ತು. ಮಳೆಗೆ ಮುಂಚೆ ಮುಗಿಸಿಬಿಡಬೇಕೆಂಬ ಆತುರದಲ್ಲಿ ನಾನು ಒಂಬತ್ತೂವರೆಗೇ ಎಪಾಕ್ಸಿ ಕಲಸಿದೆ. ತಪ್ಪಾದದ್ದು ಅಲ್ಲಿಯೇ. ಮರದ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಬಿಸಿಯೇರುತ್ತಿರುವ ಹೊತ್ತಿನಲ್ಲಿ ರೆಸಿನ್ ಬಳಿದರೆ ಆ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಮೇಲೇಳುತ್ತದೆ, ತಂಪಾಗುತ್ತಿರುವ ಹೊತ್ತಿನಲ್ಲಿ ಬಳಿದರೆ ಮರವೇ ರೆಸಿನನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ನಾನು ಓದಿದ್ದೆ, ಒಂದು ಚೀಟಿಯಲ್ಲಿ ಬರೆದು ಗೋಡೆಗೂ ಅಂಟಿಸಿದ್ದೆ.

ಮೊದಲ ಅರ್ಧ ಗಂಟೆ ಮಾತ್ರ ಸೊಗಸಾಗಿತ್ತು. ದೋಣಿಯ ಮೇಲೆ ಬಿಳಿ ಪಂಚೆಯಂತೆ ಹರಡಿದ್ದ ಬಟ್ಟೆಯ ನಡುವೆ ರೆಸಿನ್ ಸುರಿದು, ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಅಂಚಿನತ್ತ ಎಳೆದಂತೆಲ್ಲ ನೇಯ್ಗೆ ಕರಗಿ ಮಾಯವಾಗಿ, ಕೆಳಗಿನ ಸಿಲ್ವರ್ ಮರ ಒಮ್ಮೆಲೇ ಬಣ್ಣ ತುಂಬಿಕೊಂಡು ಕಾಣಿಸಿತು. ಒಣಗಿದ್ದಾಗ ಮಂಕಾಗಿದ್ದ ಅದರ ಚುಕ್ಕೆಗಳು ಮೀನಿನ ಹುರುಪೆಯಂತೆ, ನಾವು ತಲೆ ಓಲಿಸಿದತ್ತ ಮಿನುಗುತ್ತಿದ್ದವು. ಆಚಾರ್ರು ಪಟ್ಟಿ ಎಳೆಯುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತಾ ನಿಂತರು.

ಹನ್ನೊಂದರ ಹೊತ್ತಿಗೆ ತಗಡಿನ ಶೀಟು ಕಾದು ಟಪಟಪ ಸದ್ದು ಮಾಡತೊಡಗಿತು. ಅದರ ಜೊತೆಗೇ ದೋಣಿಯ ಮೈಮೇಲೆ ಸಾಸಿವೆಯಷ್ಟು ಗುಳ್ಳೆಗಳು ಏಳತೊಡಗಿದವು. ಒತ್ತಿ ಒರೆಸಿದರೆ ಅಲ್ಲಿಯೇ ಮತ್ತೆ ಹುಟ್ಟುತ್ತಿದ್ದವು. ಅಷ್ಟರಲ್ಲಿ ಆಚಾರ್ರು ರೆಸಿನ್ ಕಲಸಿದ್ದ ಮಗ್ಗನ್ನು ಮುಟ್ಟಿ, "ಮೇಷ್ಟ್ರೇ, ಈ ಮಗ್ಗು ಕಾಫಿಗಿಂತ ಬಿಸಿ ಆಗ್ತಾ ಐತೆ" ಎಂದರು. ರೆಸಿನ್ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಆಳವಾದ ಪಾತ್ರೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ಹೀಗಾಗಿ ಇನ್ನಷ್ಟು ಬೇಗ ಗಟ್ಟಿಯಾಗುತ್ತದೆ. ಮಗ್ಗು ಅಂಗಳ ಸೇರುವಷ್ಟರಲ್ಲಿ ಹೊಗೆಯಾಡಿ, ಒಳಗಿದ್ದ ಅರ್ಧ ಲೀಟರ್ ರೆಸಿನ್ ಜೇನು ಬಣ್ಣದ ಕಲ್ಲಾಯಿತು. ಮುಂದಿನದನ್ನು ಅಗಲವಾದ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಕಲಸಿದೆವು. ಶೀಟಿನ ಮೇಲೆ ಒದ್ದೆ ಗೋಣಿತಾಟು ಹಾಸಿದೆವು. ಮಧ್ಯಾಹ್ನ ಎರಡರವರೆಗೆ ಇಬ್ಬರೂ ಊಟ ಬಿಟ್ಟು ಗುಳ್ಳೆ ಒತ್ತಿದೆವು. ಆದರೂ ಎಡಮಗ್ಗುಲಲ್ಲಿ ಒಂದಿಷ್ಟು ಉಳಿದೇಬಿಟ್ಟವು.

ನಾಲ್ಕಕ್ಕೆ ಕಳಸದ ಕಡೆಯ ಗುಡ್ಡ ಕಪ್ಪಾಯಿತು. ಹತ್ತು ನಿಮಿಷದಲ್ಲಿ ಶೀಟಿನ ಮೇಲೆ ಕಲ್ಲು ಸುರಿದಂತೆ ಮಳೆ. ಬಟ್ಟೆಯ ನೇಯ್ಗೆಯ ತಗ್ಗುಗಳನ್ನು ತುಂಬುವ ಎರಡನೆಯ ಲೇಪವನ್ನು ಮೊದಲನೆಯದು ಇನ್ನೂ ಅಂಟಂಟಾಗಿರುವಾಗಲೇ ಹಾಕಬೇಕು. ಉಗುರೂರಿದರೆ ಗುರುತು ಬೀಳುತ್ತಿತ್ತು, ಹೊತ್ತು ಮೀರುವಂತಿರಲಿಲ್ಲ. ಕೆಟ್ಟದ್ದು ಕೆಟ್ಟಿತು ಎಂದುಕೊಂಡು ಬಾಗಿಲು ಹಾಕಿಕೊಂಡು, ದೀಪದ ಬೆಳಕಿನಲ್ಲಿ ರೋಲರ್ ಉರುಳಿಸಿದೆ. ಒಂದೇ ಒಂದು ಗುಳ್ಳೆ ಏಳಲಿಲ್ಲ. ಬೆಳಗಿನಿಂದ ನಾನು ಯಾವ ಮಳೆಗೆ ಹೆದರುತ್ತಿದ್ದೆನೋ ಅದೇ ಮಳೆ ಶೀಟನ್ನು, ಗೋದಾಮನ್ನು, ಮರವನ್ನು ತಣ್ಣಗೆ ಮಾಡಿತ್ತು. ನನ್ನ ಚೀಟಿಯಲ್ಲಿದ್ದದ್ದು ಅದೇ ತಾನೇ!

ಹಾಗೆಂದು ಮಳೆ ಪುಕ್ಕಟೆಯಾಗಿ ಬರಲಿಲ್ಲ. ಶೀಟಿನ ಮೊಳೆಯೊಂದರ ತೂತಿನಿಂದ ದೋಣಿಯ ಮೂಗಿನ ಬಳಿ ಟಪ್ಪೆಂದು ಹನಿ ಬಿದ್ದು, ನಾನು ಬಕೆಟ್ ಹಿಡಿಯುವಷ್ಟರಲ್ಲಿ ರೂಪಾಯಿ ಅಗಲದ ಬಿಳಿ ಕಲೆ ಕೂತಿತ್ತು. ಬಕೆಟ್ ಹಿಡಿದು ನಿಂತಿರುವಾಗಲೇ ಪಕ್ಕದ ತೋಟದವರ ಫೋನು. "ಎಷ್ಟು ಸೆಂಟ್ಸ್ ಆಯ್ತು ಮೇಷ್ಟ್ರೇ?" ಎಂದು ಕೇಳಿದರು. ತೋಟದವರ ಮಳೆ ಲೆಕ್ಕದಲ್ಲಿ ಇಂಚಿನ ನೂರರಲ್ಲೊಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಹೊರಗೆ ಹೋಗಿ ಅಳತೆ ನೋಡಿ ಬಂದು, ಒಂದು ಇಂಚು ಹತ್ತು ಸೆಂಟ್ಸ್ ಎಂದೆ. ಅವರ ಸಂತೋಷಕ್ಕೆ ತಕ್ಕಷ್ಟು ದನಿ ಏರಿಸಲು ನನ್ನಿಂದಾಗಲಿಲ್ಲ.

ಮರುದಿನ ದೋಣಿಯ ಮೈಮೇಲೆಲ್ಲ ತುಪ್ಪ ಸವರಿದಂಥ ಮಬ್ಬು ಪೊರೆ. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿಗೆ ಹೀಗಾಗುವುದುಂಟು; ಅದನ್ನು ಉಪ್ಪುಕಾಗದದಿಂದ ಉಜ್ಜಹೊರಟರೆ ಜಿಡ್ಡು ಇನ್ನೂ ಒಳಗೆ ಸೇರುತ್ತದೆ, ಬರಿಯ ನೀರಿನಲ್ಲಿ ಪಾತ್ರೆಯುಜ್ಜುವ ನಾರಿನಿಂದ ತೊಳೆದರೆ ಹೋಗುತ್ತದೆ. ಹೋಯಿತು. ಉಪ್ಪುಕಾಗದದ ಸರದಿ ಬಂದದ್ದು ಅದಾದ ಮೇಲೆ. ಒಂಬತ್ತನೆಯ ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿದ್ದಾಗ ನಾನು ಗಾಜಿನ ಧೂಳಿಗೆ ಹೆದರಿ ಮೂಗಿಗೆ ಮುಖವಾಡ ಕಟ್ಟಿಕೊಂಡು ಉಜ್ಜುತ್ತಿದ್ದೆ. ಆ ವರ್ಷದ ಕಾಫಿ ಹೂವಿನ ವಾಸನೆ ನನಗೆ ದಕ್ಕಲೇ ಇಲ್ಲ.

ಒಳಮೈಗೆ ಗಾಜು ಹೊದಿಸುವಾಗ ಸಂಜೆ ನಾಲ್ಕರ ನಂತರವೇ ಕೈ ಹಚ್ಚಿದೆವು. ತಳದಲ್ಲಿ ಎರಡು ಪದರ ಹಾಕಿದ್ದನ್ನು ನೋಡಿ ಆಚಾರ್ರು, ಪೆಟ್ಟು ಬೀಳುವುದು ಹೊರಗಲ್ಲವೇ ಎಂದು ಕೇಳಿದರು. ಹೊರಗಿನಿಂದ ಬಂಡೆ ಒತ್ತಿದಾಗ ಹೊರಮೈ ಕುಗ್ಗುತ್ತದೆ, ಒಳಮೈ ಹಿಗ್ಗಿ ಮೊದಲು ಹರಿಯುತ್ತದೆ ಎಂದು ಒಂದು ರೀಪನ್ನು ಮಂಡಿಗೆ ಒತ್ತಿ ಮುರಿದು ತೋರಿಸಿದೆ. ಮುರಿದ ತುಂಡನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು.

ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಟ್ಟಾಗ, ತುದಿಗಳಿಗೆ ಗಾಳಿಚೀಲ ಕಟ್ಟಿ, ಲೈಫ್ ಜಾಕೆಟ್ ಹೆಲ್ಮೆಟ್ ತೊಟ್ಟು, ಹೊಳೆ ಬಲ್ಲ ಇಬ್ಬರನ್ನು ರಾಫ್ಟಿನಲ್ಲಿ ಮುಂದೆ ಬಿಟ್ಟುಕೊಂಡು ಭದ್ರೆಗಿಳಿದೆ. ಎರಡನೆಯ ತಿರುವಿನಲ್ಲೇ ನೀರಿನಡಿಯ ಬಂಡೆಯೊಂದು ಎಡಮಗ್ಗುಲಿಗೆ ಬಡಿಯಿತು. ಆ ಸದ್ದು ನನ್ನ ಮಂಡಿಗಳಿಗೇ ಕೇಳಿಸಿತು. ಸಂಜೆ ಗೋದಾಮಿನಲ್ಲಿ ದೋಣಿ ಬೋರಲು ಹಾಕಿದಾಗ, ಗುಳ್ಳೆಗಳು ಉಳಿದಿದ್ದ ಜಾಗದ ಮೇಲೇ ಮೊಳದುದ್ದದ ಬಿಳಿ ಗೀರು. ಆಚಾರ್ರು ಅದರತ್ತ ನೋಡಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ ತಲೆಯನ್ನು ದೋಣಿಯೊಳಗೆ ತೂರಿಸಿ, ಟಾರ್ಚು ಹಿಡಿದು ಒಳಮೈ ಸವರುತ್ತಾ ಬಹಳ ಹೊತ್ತು ಅಲ್ಲಿಯೇ ಇದ್ದರು.

"ಒಳ್ಗಡೆ ಏನೂ ಆಗಿಲ್ಲ," ಎಂದು ದೋಣಿಯೊಳಗಿಂದಲೇ ಹೇಳಿದರು.